ಒಂದೇ ಬಾಯಲ್ಲಿ ಎರಡು ವ್ಯಾಪಾರ

ಮಹಾರಾಜರ ಕಾಲದ ಮಾತು. ಬಿಳಿಕೆರೆಯ ಷಣ್ಮುಖಪ್ಪನಿಗೆ ಒಂದು ಹೊತ್ತಿಗೆ ಒಂದೇ ಕೆಲಸ ಮಾಡುವವರನ್ನು ಕಂಡರೆ ತಾತ್ಸಾರ. ತಾನು ಉಣ್ಣುತ್ತಲೇ ಪಂಚಾಯ್ತಿ ಮಾಡುವನು, ಕ್ಷೌರಕ್ಕೆ ಕೂತೇ ಆಳುಗಳನ್ನು ಬೈಯುವನು. ಹಾಗೆ ಬೈಯುವಾಗ ಅರ್ಧ ಮೀಸೆ ಹೋದದ್ದೂ ಉಂಟು. ಬುದ್ಧಿ ಮಾತ್ರ ಬರಲಿಲ್ಲ.

ಎತ್ತು ಮಾರಲು ಹುಣಸೂರಿನ ಸಂತೆಗೆ ಹೊರಟಾಗ ಹೆಂಡತಿ ಸುಂದ್ರಮ್ಮ ಗಾಡಿಗೆ ಅಡ್ಡ ನಿಂತಳು. "ದೇವಯ್ಯನೋರು ಸಿಕ್ರೆ ಮೊದ್ಲು ಹೆಣ್ಣು ಕೊಡಾಕಿಲ್ಲ ಅಂದ್ಬುಡಿ. ಎತ್ತಿನ ಯಾಪಾರ ಆಮೇಲೆ."

ಪಿರಿಯಾಪಟ್ಟಣದ ದೇವಯ್ಯ ಇಬ್ಬರು ಹೆಂಡಿರನ್ನು ಕಳೆದುಕೊಂಡ ಮುದಿ ಸಾಹುಕಾರ. ಈಗ ಷಣ್ಮುಖಪ್ಪನ ಮಗಳು ನೀಲಾಂಬಿಕೆಯ ಮೇಲೆ ಅವನ ಕಣ್ಣು. ಅವಳೂ ಬಳೆಯ ನೆಪ ಹೇಳಿ ಗಾಡಿ ಹತ್ತಿದಳು. ಅಪ್ಪ 'ಇಲ್ಲ' ಎನ್ನುವುದನ್ನು ಸ್ವಂತ ಕಿವಿಯಿಂದ ಕೇಳಬೇಕಿತ್ತು.

ಸಂತೆಯಲ್ಲಿ ದನದ ವ್ಯಾಪಾರಿ ಅಸದುಲ್ಲಾ ಟವೆಲು ಮುಚ್ಚಿ, ಅದರಡಿ ಷಣ್ಮುಖಪ್ಪನ ಕೈ ಹಿಡಿದ. ದನದ ಬೆಲೆಯನ್ನು ಬಾಯಲ್ಲಿ ಆಡುವಂತಿಲ್ಲ. ಎಷ್ಟು ಬೆರಳು ಅದುಮಿದರೆ ಅಷ್ಟು ಹತ್ತು ರೂಪಾಯಿ. ಅಷ್ಟರಲ್ಲಿ ದೇವಯ್ಯ ಬಂದ.

"ವಸಿ ತಡೀರಿ" ಎಂದಿದ್ದರೆ ಮುಗಿಯುತ್ತಿತ್ತು. ನಮ್ಮ ಷಣ್ಮುಖಪ್ಪ, "ಅದೇನ್ ಯೋಳಿ ದೇವಯ್ಯನೋರೇ! ಕೈ ಯಾಪಾರ ಮಾಡ್ತದೆ, ಕಿವಿ ಬಿಡುವಾಗೇ ಅದೆ" ಎಂದ.

"ನಿಮ್ಮ ನೀಲಾಂಬಿಕೇನ ನಮ್ಮನೆಗೆ ಕೊಡ್ತೀರಾ?"

ಅದೇ ಗಳಿಗೆಗೆ ಅಸದುಲ್ಲಾ ಎರಡು ಬೆರಳು ಅದುಮಿದ. ಗಮನ ಅತ್ತಲೂ ಇಲ್ಲದ, ಇತ್ತಲೂ ಇಲ್ಲದ ಷಣ್ಮುಖಪ್ಪನಿಗೆ ಐದೂ ಅದುಮಿದಂತಾಯಿತು. "ಕೊಟ್ಟೆ!" ಎಂದು ಹಿಗ್ಗಿ ಕೂಗಿದ.

"ಸಂತೇಗ್ ಸಂತೇನೇ ಕೇಳುಸ್ಕೊಂತು" ಎಂದು ದೇವಯ್ಯ ಕೈ ಮುಗಿದ.

"ಅಯ್ಯೋ, ಅದು ಎತ್ತಿಗೆ ಅಂದಿದ್ದು ಕಣ್ರೀ!"

"ಅಂಗಾದ್ರೆ ಎರಡು ಬೆರಳಿಗೆ ಎತ್ತು ನಂದು" ಎಂದ ಅಸದುಲ್ಲಾ. "ಒಂದ್ ಸಲ ಕೊಟ್ಟೆ ಅಂದ್ರೆ ಒಂದ್ ಯಾಪಾರ ಯಜಮಾನ್ರೇ. ಯಾರಿಗಂದ್ರಿ, ಸರಿಯಾಗಿ ಯೋಳ್ಬುಡಿ."

ಎರಡೇ ಬೆರಳು! ಅರ್ಧ ಬೆಲೆಯೂ ಅಲ್ಲ. ಷಣ್ಮುಖಪ್ಪ ಎತ್ತನ್ನು ನೋಡಿದ. ಹಿಂದೆ ನಿಂತಿದ್ದ ಮಗಳನ್ನು ನೋಡಿದ. ಮತ್ತೆ ಎತ್ತನ್ನು ನೋಡಿದ. ಜನ್ಮದಲ್ಲಿ ಮೊದಲ ಸಲ ಆತ ಒಂದೇ ಕೆಲಸ ಮಾಡುತ್ತಿದ್ದ, ಯೋಚನೆ. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಕೊನೆಗೆ, "ಸಾಬ್ರಿಗೇ ಅಂದಿದ್ದು" ಎಂದ. ದೇವಯ್ಯ ಗೊಣಗುತ್ತ ಹೋದ. ಅಸದುಲ್ಲಾ ಎತ್ತಿನ ಹಗ್ಗ ಹಿಡಿದ.

ಷಣ್ಮುಖಪ್ಪ ಮಗಳತ್ತ ತಿರುಗಿ ಬೀಗಿದ. "ನೋಡ್ದಾ ಮಗಾ, ನಿನಗೋಸ್ಕರ ಅಂತಾ ಎತ್ನೇ ಬುಟ್ಟೆ!"

"ನೋಡ್ದೆ ಕಣಪ್ಪ" ಎಂದಳು ನೀಲಾಂಬಿಕೆ. "ಎಷ್ಟೊತ್ತು ತಗೊಂಡೆ ಅನ್ನೋದ್ನೂ ನೋಡ್ದೆ."