ಎಂಟನೇ ಕೈ

ಹದಿನೈದು ಸೀಟಿನ ಟಿ.ಟಿ. ಗಾಡಿ ಪಂಚಾಯ್ತಿ ಕಚೇರಿ ಮುಂದೆ ನಿಂತಾಗ ಅಧ್ಯಕ್ಷೆ ಮಂಜುಶ್ರೀ ಬಾಗಿಲಲ್ಲೇ ಇದ್ದಳು. ವಾರದಿಂದ ಊರಲ್ಲಿ ಕಾಣದಿದ್ದ ಸದಸ್ಯರು ಒಬ್ಬೊಬ್ಬರಾಗಿ ಇಳಿದರು. ಯಾರೂ ಅವಳ ಮುಖ ನೋಡಲಿಲ್ಲ. ಕೊನೆಗೆ ಇಳಿದವಳು ಮಂಚಮ್ಮ. ಮಂಜುಶ್ರೀಯದೇ ಕೇರಿಯವಳು, ವರಸೆಯಲ್ಲಿ ಚಿಕ್ಕವ್ವ. ಅವಳನ್ನೂ ಸೇರಿಸಿ ಎಂಟು ಜನ. ಹನ್ನೆರಡು ಸದಸ್ಯರ ಪಂಚಾಯ್ತಿಯಲ್ಲಿ ಅಧ್ಯಕ್ಷೆಯನ್ನು ಇಳಿಸಲು ಎಂಟು ಕೈ ಸಾಕು.

ಅವಳು ಮಾಡಿದ್ದ ತಪ್ಪು ಒಂದೇ. ಗ್ರಾಮಸಭೆ ತಾತನ ಕಾಲದಿಂದ ಪಟ್ಟಲದಮ್ಮನ ಗುಡಿ ಜಗುಲಿಯ ಮೇಲೆ ನಡೆಯುತ್ತಿತ್ತು. ಅವಳ ಕೇರಿಯವರು ಕೆಳಗೆ ಬಿಸಿಲಲ್ಲಿ ನಿಂತು ಕೇಳಬೇಕು. ಅಧ್ಯಕ್ಷೆಯೇ ಕೆಳಗೆ ನಿಂತರೆ ಸಭೆ ನಡೆಸುವವರು ಯಾರು? ಅವಳು ಸಭೆಯನ್ನು ಶಾಲೆ ಬಯಲಿಗೆ ತಂದು ಎಲ್ಲರನ್ನೂ ಒಂದೇ ಜಮಖಾನದ ಮೇಲೆ ಕೂರಿಸಿದಳು. ಆಮೇಲೆ ಉಪಾಧ್ಯಕ್ಷ ಪುಟ್ಟರಾಜು ಸುಮ್ಮನಿರಲಿಲ್ಲ, ಅವಿಶ್ವಾಸದ ನೋಟಿಸು ಕೊಡಿಸಿ, ತನ್ನ ಕಡೆಯ ಸದಸ್ಯರನ್ನು ಊರಾಚೆ ಕರೆದೊಯ್ದ. ಕುರ್ಚಿ ಪರಿಶಿಷ್ಟ ಜಾತಿಯ ಹೆಂಗಸಿಗೆ ಮೀಸಲು, ಅವನು ಕೂರುವಂತಿಲ್ಲ. ಕೂರಬೇಕಾಗಿಯೂ ಇರಲಿಲ್ಲ. ಮಂಚಮ್ಮನನ್ನು ಕೂರಿಸಿದರೆ ಹೆಬ್ಬೆಟ್ಟು ಅವಳದು, ಮಾತು ಇವನದು.

"ಯಾಕವ್ವ, ಇಂಗ್ ಬೆವರ್ತಾ ಇದ್ದೀಯ? ಫ್ಯಾನ್ ಆಕುಸ್ಲಾ?" ಪುಟ್ಟರಾಜು ನಕ್ಕ. "ಎಲ್ರ ಕೈಲೂ ಆಣೆ ಇಡ್ಸಿವ್ನಿ ಕಣಮ್ಮ. ಊರ್ ಬುಡೋಕ್ ಮುಂಚೇನೇ, ಪಟ್ಟಲದಮ್ಮನ ಮುಂದೆ, ಕರ್ಪೂರ ಅಚ್ಚಿ. ಒಬ್ನೂ ಅಲ್ಲಾಡಕಿಲ್ಲ."

ಕಾನೂನಿನಲ್ಲಿ ಆ ಆಣೆಗೆ ಜಾಗವಿಲ್ಲ ನಿಜ. ಆದರೆ ಈ ಊರಲ್ಲಿ ಕರ್ಪೂರ ಮುಟ್ಟಿ ಮಾತು ತಪ್ಪಿದವರನ್ನು ಮಂಜುಶ್ರೀ ಕಂಡಿರಲಿಲ್ಲ.

ಉಪವಿಭಾಗಾಧಿಕಾರಿ ನಿರ್ಣಯ ಓದಿದರು. "ಪರವಾಗಿರೋರು ಕೈ ಎತ್ತಿ."

ಪುಟ್ಟರಾಜು ಮೊದಲು ಎತ್ತಿದ. ಹಿಂದೆಯೇ ಉಳಿದವು ಎದ್ದವು. ಅಧಿಕಾರಿ ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಏಳು. ಮಂಚಮ್ಮನ ಎರಡೂ ಕೈ ಸೆರಗಿನೊಳಗಿದ್ದವು.

"ಏಯ್ ಮಂಚಮ್ಮ, ಕೈ ಎತ್ತಮ್ಮಿ! ಆಣೆ ಮರ್ತೋಯ್ತಾ?"

"ನಾನ್ಯಾವಾಗ ಆಣೆ ಇಟ್ಟೆ ಬುದ್ಧಿ? ಎಲ್ರುನೂ ಗುಡಿ ಒಳೀಕೆ ಕರ್ಕೊಂಡೋದ್ರಿ. ನನ್ನ ಗಾಡೀಲೇ ಕೂರ್ಸುದ್ರಿ. ಕರ್ಪೂರ ನನ್ ತಾವ್ಕೆ ಬರ್ನೇ ಇಲ್ವಲ್ಲ."

"ಇವರನ್ನ ಯಾಕೆ ಒಳಗೆ ಕರ್ಕೊಂಡು ಹೋಗ್ಲಿಲ್ಲ?" ಅಧಿಕಾರಿ ಪುಟ್ಟರಾಜುವಿನತ್ತ ತಿರುಗಿದರು.

ಅದಕ್ಕೆ ಉತ್ತರ ಎಲ್ಲರಿಗೂ ಗೊತ್ತಿತ್ತು. ಅದನ್ನು ಅಧಿಕಾರಿಯ ಮುಂದೆ ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಿರ್ಣಯ ಬಿದ್ದುಹೋಯಿತು.

ಹೊರಗೆ ಬಂದ ಮಂಜುಶ್ರೀ ಕೇಳಿದಳು, "ಚಿಕ್ಕವ್ವ, ನೀನೇ ಅಧ್ಯಕ್ಷೆ ಆಯ್ತಿದ್ದಲ್ಲ?"

"ಆಗಿ? ಗಾಡೀಲಿ ಕೂತಂಗೇ ಕುರ್ಚೀಲೂ ಕೂತಿರ್ಬೇಕಿತ್ತು." ಮಂಚಮ್ಮ ಎಲೆಅಡಿಕೆ ಉಗಿದಳು. "ಅದ್ ಬುಡು. ನಾಳಿಂದ ಅವ್ರ ಕಬ್ಬಿನ ಗದ್ದೆಗೆ ನಮ್ ಕೇರಿಯೋರ್ನ ಒಬ್ರುನೂ ಕೂಲಿಗೆ ಕರ್ಯಾಕಿಲ್ಲ. ಏನ್ ಮಾಡೀಯ, ಅದ್ಯಕ್ಸೆ?"

ಟಿ.ಟಿ. ಗಾಡಿ ಮಂಚಮ್ಮನನ್ನು ಬಿಟ್ಟು, ಇಬ್ಬರ ಮೇಲೂ ದೂಳೆಬ್ಬಿಸಿ ಹೊರಟಿತು. ಅವರು ಕೇರಿ ಕಡೆ ನಡೆದರು.