ರೈಲು ಕಂಪನಿಯ ಒರತೆ

ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳು ಬಂದಿದ್ದವು. ಮೇಪಲ್ ಮರಗಳಿಗೆ ತೂಗುಹಾಕಿದ ಬಕೆಟುಗಳಲ್ಲಿ ರಸ ತೊಟ್ಟಿಕ್ಕುತ್ತಿತ್ತು. ಹೋಲಿಸ್ ಪೀಸ್ಲಿ ಕುದುರೆ ಕಟ್ಟಿದ ಜಾರುಬಂಡಿಯಲ್ಲಿ ರಸ ತಂದು ಸುರಿಯುತ್ತಿದ್ದ. ಅವನ ಹೆಂಡತಿ ವರ್ನಾ ಆ ರಸವನ್ನು ಕುದಿಸಿ ಸಿಹಿ ಇಳಿಸುವ ಪಾಕದ ಮನೆಯಲ್ಲಿ ಒಲೆಯ ಮುಂದೆ ನಿಂತು ಕೊಪ್ಪರಿಗೆಯ ನೊರೆ ತೆಗೆಯುತ್ತಿದ್ದಳು. ಕೊಪ್ಪರಿಗೆಯ ಮೇಲೆ ದಾರದಲ್ಲಿ ಒಂದು ಚೂರು ಹಂದಿಕೊಬ್ಬು ತೂಗುತ್ತಿತ್ತು. ಉಕ್ಕಿಬಂದ ನೊರೆ ಅದಕ್ಕೆ ತಾಗಿದೊಡನೆ ಕೆಳಗಿಳಿಯುತ್ತಿತ್ತು. ಹಬೆಗೆ ಒಳಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಕಾಣಬೇಕಾದ ಅಗತ್ಯವೂ ಅವಳಿಗಿರಲಿಲ್ಲ.

ಪಾಕದ ಮನೆಯ ಕೆಳಗೆ, ಇಳಿಜಾರು ಮುಗಿಯುವಲ್ಲಿ, ರೈಲುಹಳಿ ಹಾದುಹೋಗಿತ್ತು. ಹಿಂದಿನ ಶರತ್ಕಾಲದಿಂದ ಅದರ ಮೇಲೆ ಗಾಡಿ ಓಡಿರಲಿಲ್ಲ. ಹಿಮ ಬಿದ್ದಂತೆಯೇ ಇತ್ತು, ಅದರ ಮೇಲೆ ಮೊಲದ ಹೆಜ್ಜೆಗಳು ಮಾತ್ರ. ಬೆಳಗಿನ ಗಾಡಿಯ ಹೊತ್ತಿಗೆ ವರ್ನಾ ಈಗಲೂ ತಲೆಯೆತ್ತಿ ಕಿವಿಗೊಡುತ್ತಿದ್ದಳು. ಆಮೇಲೆ ಮತ್ತೆ ನೊರೆ ತೆಗೆಯುತ್ತಿದ್ದಳು.

ಗಬೂರಿ ಹಳಿಗುಂಟ ನಡೆದು ಬಂದ. ಅವನು ಆ ದಾರಿಯ ಹಳಿ ದುರಸ್ತಿಯ ಗ್ಯಾಂಗ್ ಮೇಸ್ತ್ರಿ. ಕಂಪನಿ ದಿವಾಳಿಯಾಗಿ ಎಲ್ಲರನ್ನೂ ಬಿಡಿಸಿದ ಮೇಲೆ ಸಾಮಾನು ಕಾಯಲೆಂದು ಉಳಿಸಿಕೊಂಡಿದ್ದ ಒಬ್ಬನೇ ಮನುಷ್ಯ. ಅಪ್ಪ ಕ್ವಿಬೆಕ್ಕಿನಿಂದ ಗುದ್ದಲಿ ಹೊತ್ತು ಬಂದವನು. ಮಗ ಅದೇ ಹಳಿಯ ಮೇಲೆ ಮುದುಕನಾಗಿದ್ದ.

"ಇವತ್ತು ಇಲ್ಲಿಗೆ ಬರ್ತಾನಂತೆ ಕಣಯ್ಯಾ, ಕೋರ್ಟಿನೋರು ಕಳ್ಸಿರೋ ಮನುಷ್ಯ," ಅಂದ ಗಬೂರಿ, ಬೂಟಿನ ಹಿಮ ಕೊಡವುತ್ತ. "ಹಳಿ, ಮೊಳೆ, ಸೇತುವೆ, ಸ್ಟೇಷನ್ನು, ಎಲ್ಲಾ ಬರ್ಕೋತಾ ಬರ್ತಿದಾನೆ. ನಿನ್ನೆ ನಮ್ಮನೆ ಒಲೇನೂ ಬರ್ಕೊಂಡ. ಒಲೆ ಕಂಪನೀದಂತೆ. ಮುಂದೆ ನನ್ನ ಹೆಂಡ್ತಿ ನಿಂತಿದ್ಲು, ಅವಳನ್ನ ಬಿಟ್ಟ."

"ಅವಳನ್ನೂ ಬರ್ಕೊಳ್ಳಿ ಅನ್ಬೇಕಿತ್ತು," ಅಂದಳು ವರ್ನಾ.

"ಅಂದೆ. ಹಳೇ ಸಾಮಾನಿಗೆ ಗಿರಾಕಿ ಇಲ್ಲ ಅಂದ."

ಹೋಲಿಸ್ ನಗಲಿಲ್ಲ. "ಟ್ಯಾಂಕು?" ಎಂದು ಕೇಳಿದ.

"ಟ್ಯಾಂಕೂ ಬರ್ಕೋತಾನೆ. ಒರತೇನೂ."

ಒರತೆ ಹಳಿಯ ಆಚೆ ಬದಿಯ ಬಂಡೆಯಡಿಯಲ್ಲಿತ್ತು. ಇಂಜಿನ್ನುಗಳಿಗೆ ನೀರು ಕೊಡುವ ಟ್ಯಾಂಕು ಅದರಿಂದಲೇ ತುಂಬುತ್ತಿತ್ತು. ಹೋಲಿಸನ ತಾತ ಅದನ್ನು ಮೊದಲ ಕಂಪನಿಗೆ ಬರೆದುಕೊಟ್ಟಿದ್ದ. ಆಗ ಅದರ ಹೆಸರು ವಿಟ್ಕಮ್ ಕಣಿವೆ ರೈಲು ಕಂಪನಿ. ಕಣಿವೆಯ ರೈತರೇ ಕೂಡಿ ಕಟ್ಟಿದ್ದು. ಜಾಗಕ್ಕೆ, ಮರಕ್ಕೆ, ನೀರಿಗೆ ಬದಲಾಗಿ ಎಲ್ಲರಿಗೂ ಷೇರು ಸಿಕ್ಕಿತ್ತು. ಕಂಪನಿಯವರು ಪೀಸ್ಲಿಯ ಅಡುಗೆಮನೆಯಲ್ಲೇ ಕೂತು ಊಟ ಮಾಡಿ ಕಾಗದ ಬರೆದಿದ್ದರು. ಕೆಲವು ವರ್ಷಕ್ಕೆ ಅದು ಮುಳುಗಿತು. ಅದರ ಆಸ್ತಿಯನ್ನು ಇನ್ನೊಂದು ಹೆಸರಿನ ಕಂಪನಿ ತೆಗೆದುಕೊಂಡಿತು. ಹಳಿ, ಇಂಜಿನ್ನು, ಒರತೆ ಎಲ್ಲ ಹೊಸದಕ್ಕೆ ಬಂದವು, ಹಳೆಯ ಷೇರುಗಳು ಮಾತ್ರ ಬರಲಿಲ್ಲ. ತಾತ ಆ ಷೇರು ಕಾಗದಗಳನ್ನು ನೆಲಮಾಳಿಗೆಯ ಬಾಗಿಲಿನ ಬಿರುಕಿಗೆ ಅಂಟಿಸಿದ. ಆಮೇಲೆ ಬಾಸ್ಟನ್ನಿನ ದೊಡ್ಡ ಕಂಪನಿಯೊಂದು ಗುತ್ತಿಗೆಗೆ ಹಿಡಿಯಿತು, ದೊಡ್ಡ ನೆರೆಯಲ್ಲಿ ಸೇತುವೆಗಳು ಕೊಚ್ಚಿಹೋದ ಮೇಲೆ ತನಗೆ ಬೇಡವೆಂದು ವಾಪಸು ಕೊಟ್ಟಿತು. ಪ್ರತಿ ಸಲ ಇಂಜಿನ್ನಿನ ಬೆನ್ನ ಮೇಲಿನ ಹೆಸರನ್ನು ಅಳಿಸಿ ಬೇರೆ ಬರೆದರು. ಇಂಜಿನ್ನು ಅದೇ ಟ್ಯಾಂಕಿನ ಮುಂದೆ ನಿಂತು ಅದೇ ನೀರು ಕುಡಿಯುತ್ತಿತ್ತು.

ಟ್ಯಾಂಕು ತುಂಬಿ ಹೊರಚೆಲ್ಲುವ ನೀರು ಒಂದು ಕೊಳವೆಯಲ್ಲಿ ಹಳಿಯಡಿಗೆ ನುಗ್ಗಿ ಪೀಸ್ಲಿಯ ಕೊಟ್ಟಿಗೆಯ ತೊಟ್ಟಿಗೆ ಬರುತ್ತಿತ್ತು. ಮನೆಯ ಬಾವಿ ಬೇಸಿಗೆಯಲ್ಲಿ ಅಡುಗೆಗೇ ಸಾಲುತ್ತಿರಲಿಲ್ಲ. ಆ ಕೊಳವೆ ನಿಂತರೆ ಹಸುಗಳನ್ನು ಮಾರಬೇಕು. ಹಸು ಹೋದರೆ ಆ ಕಲ್ಲುನೆಲದಲ್ಲಿ ಮಾಡಲು ಬೇರೇನೂ ಇರಲಿಲ್ಲ. ಇದನ್ನು ಗಂಡಹೆಂಡತಿ ಚಳಿಗಾಲವಿಡೀ ಮಾತಾಡಿ ಮುಗಿಸಿದ್ದರು.

ಮಧ್ಯಾಹ್ನದ ಹೊತ್ತಿಗೆ ಕೋರ್ಟು ಕಳಿಸಿದ್ದ ಆ ಮನುಷ್ಯ, ಥ್ಯಾಕ್ಸ್ಟರ್, ಬಂದ. ತೆಳ್ಳಗಿನ ವಯಸ್ಸಾದ ಮನುಷ್ಯ, ಬೂಟಿನ ಮೇಲೆ ರಬ್ಬರಿನ ಬೂಟು. ಟ್ಯಾಂಕನ್ನು ಸುತ್ತಿ ನೋಡಿ, ಒರತೆಗೆ ಕೋಲು ಇಳಿಸಿ ಅಳೆದು, ನಡುಗುತ್ತ ಪಾಕದ ಮನೆಗೆ ಹತ್ತಿದ. ವರ್ನಾ ಅವನಿಗೊಂದು ಪೆಟ್ಟಿಗೆ ಸರಿಸಿ ಕೊಟ್ಟಳು. ಒಂದು ತಟ್ಟೆಗೆ ಹಿಮ ಒತ್ತಿ, ಕುದಿವ ಪಾಕವನ್ನು ಅದರ ಮೇಲೆ ಎಳೆ ಎಳೆಯಾಗಿ ಬಿಟ್ಟಳು. ಜೊತೆಗೆ ಒಂದು ಹುಳಿ ಸೌತೆಕಾಯಿ ಉಪ್ಪಿನಕಾಯಿ. ಅವನು ಹಿಮದ ಮೇಲೆ ಅಂಟಾಗಿ ಗಟ್ಟಿಯಾದ ಎಳೆಗಳನ್ನು ಫೋರ್ಕಿಗೆ ಸುತ್ತಿಕೊಂಡು ತಿಂದ, ಉಪ್ಪಿನಕಾಯಿ ಕಚ್ಚಿದ, ಮತ್ತೆ ತಿಂದ. ತಿಂದು ಮುಗಿಸುವವರೆಗೆ ಯಾರೂ ವ್ಯವಹಾರದ ಮಾತೆತ್ತಲಿಲ್ಲ.

"ಟ್ಯಾಂಕಿನಿಂದ ನಿಮ್ಮ ಕೊಟ್ಟಿಗೆಗೆ ಒಂದು ಕೊಳವೆ ಹೋಗತ್ತಲ್ಲ," ಅಂದ ಥ್ಯಾಕ್ಸ್ಟರ್. "ಅದು ಕಂಪನೀದಾ?"

"ನಮ್ಮಪ್ಪಂದು," ಅಂದ ಹೋಲಿಸ್. "ಅಗೆದಿದ್ದು ಅವನೂ ನಾನೂ. ನನಗಾಗ ಮದುವೇನೂ ಆಗಿರ್ಲಿಲ್ಲ."

"ಆವತ್ತಿಂದ ನೀರು ತಗೋತಾ ಇದೀರಿ."

"ಹೌದು."

ಥ್ಯಾಕ್ಸ್ಟರ್ ಪೆನ್ಸಿಲನ್ನು ಕಾಗದದ ಮೇಲಿಟ್ಟ, ಬರೆಯಲಿಲ್ಲ. "ಯಾರನ್ನೂ ಕೇಳದೇನೇ ತಗೊಂಡಿದ್ದು. ಅಲ್ವಾ?"

ಹೋಲಿಸನ ಮುಖ ಬಿಗಿಯಿತು. ಗಬೂರಿ ಒಲೆಗೆ ಸೌದೆ ನೂಕುತ್ತಿದ್ದವನು ತಿರುಗಿ ನೋಡಿದ.

"ನಿಧಾನಕ್ಕೆ ಯೋಚನೆ ಮಾಡಿ ಹೇಳಿ, ಮಿಸ್ಟರ್ ಪೀಸ್ಲಿ," ಅಂದ ಥ್ಯಾಕ್ಸ್ಟರ್. "ನೀವಾಗಿ ನೀವು ಕೊಳವೆ ಹಾಕಿದ್ರಿ. ನೀವಾಗಿ ನೀವು ನೀರು ತಗೊಂಡ್ರಿ. ಯಾರ ಹತ್ರಾನೂ ಒಂದು ಮಾತು ಕೇಳ್ಲಿಲ್ಲ. ಹಾಗೆ ತಾನೆ?"

"ಹಾಗಲ್ಲ," ಅಂದ ಹೋಲಿಸ್. "ನಾವು ಕದಿಯೋ ಜನ ಅಲ್ಲ. ನಮ್ಮಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡು ಕಂಪನಿ ಆಫೀಸಿಗೆ ಹೋಗಿ ಕೇಳಿದ. ಅವರು ಆಗ್ಲಿ ಅಂದ್ರು. ಪುಕ್ಕಟೆ ಬೇಡ ಅಂತ ಪ್ರತಿ ವರ್ಷ ಮೊದಲನೇ ಪಾಕದಲ್ಲಿ ಒಂದು ಡಬ್ಬಿ ಸ್ಟೇಷನ್ನಿಗೆ ಕೊಟ್ಟ. ಅವನು ಸತ್ತ ಮೇಲೆ ನಾನು ಕೊಟ್ಟೆ. ಒಂದು ವರ್ಷಾನೂ ತಪ್ಪಿಲ್ಲ, ನೆರೆ ಬಂದ ವರ್ಷಾನೂ. ಬೇಕಾದ್ರೆ ಇವನನ್ನ ಕೇಳಿ."

"ಸ್ಟೇಷನ್ ಮಾಸ್ಟರೇ ಅರ್ಧ ನೆಕ್ಕಿಬಿಡೋನು," ಅಂದ ಗಬೂರಿ. "ಆದ್ರೆ ಕೊಟ್ಟಿದ್ದು ನಿಜ."

ಥ್ಯಾಕ್ಸ್ಟರ್ ಆ ಮಾತನ್ನು ಬರೆದುಕೊಂಡ. ಬರೆದಾದ ಮೇಲೆ ಪೆನ್ಸಿಲನ್ನು ಜೇಬಿಗಿಟ್ಟ.

"ಈ ರಾಜ್ಯದಲ್ಲಿ ಒಂದು ಕಾನೂನಿದೆ," ಅಂದ. "ಇನ್ನೊಬ್ಬರ ನೀರನ್ನ ಹದಿನೈದು ವರ್ಷ ಕೇಳದೆ, ಏನೂ ಕೊಡದೆ, ಎಲ್ಲರ ಕಣ್ಣೆದುರಿಗೇ ತಗೊಂಡ್ರೆ, ಆ ನೀರಿನ ಮೇಲೆ ತಗೊಂಡೋನಿಗೇ ಹಕ್ಕು ಬರತ್ತೆ. ಕೇಳಿ ತಗೊಂಡ್ರೆ ನೂರು ವರ್ಷ ಆದ್ರೂ ಬರಲ್ಲ. ಕೇಳಿದೋನು ಅದು ತನ್ನದಲ್ಲ ಅಂತ ಒಪ್ಕೊಂಡ ಹಾಗೆ. ಬಾಡಿಗೆ ಕೊಟ್ಟ ಹಾಗೆ."

ವರ್ನಾ ನೊರೆ ತೆಗೆಯುವ ಸೌಟನ್ನು ಬದಿಗಿಟ್ಟಳು.

"ಅಂದ್ರೆ ಕದ್ದಿದ್ರೆ ನಮ್ದಾಗ್ತಿತ್ತು," ಅಂದಳು ವರ್ನಾ.

"ಕಾನೂನು ಅದನ್ನ ಕದಿಯೋದು ಅನ್ನಲ್ಲಮ್ಮ."

"ಮತ್ತೇನನ್ನತ್ತೆ?"

"ಬಳಕೆ ಅನ್ನತ್ತೆ."

"ಇವರು ಹೇಳಿದ್ದನ್ನ ಹೊಡೆದುಹಾಕಿ, ಬೇರೆ ತರ ಬರ್ಕೊಳ್ಳೋಕೆ ಆಗಲ್ವಾ?"

ಥ್ಯಾಕ್ಸ್ಟರ್ ಹೋಲಿಸನ ಕಡೆ ನೋಡಿದ. ಆಗಲ್ಲ ಎನ್ನದೆ ಹೋಲಿಸನ ಮಾತಿಗೆ ಕಾದ. ಹೋಲಿಸ್ ಕೊಪ್ಪರಿಗೆಯೊಳಗೆ ಸೌಟು ಅದ್ದಿ ಎತ್ತಿ, ಪಾಕ ಅಂಚಿನಿಂದ ಹಾಳೆಯಂತೆ ಇಳಿಯುವುದನ್ನು ನೋಡುತ್ತಿದ್ದ.

"ಹೇಳಿದ್ದು ಹೇಳಾಯ್ತು," ಅಂದ. "ಪಾಕ ಬಂತು ವರ್ನಾ, ಇಳಿಸು."

ಹೊರಡುವಾಗ ಥ್ಯಾಕ್ಸ್ಟರ್ ಬಾಗಿಲಲ್ಲಿ ವರ್ನಾಗೆ ಮಾತ್ರ ಕೇಳುವಂತೆ ಹೇಳಿದ: "ಮಾರಾಟ ಆದ ಮೇಲೆ ಹೊಸಬ ಯಾರೋ ಬರ್ತಾನೆ. ಅವನ ಜೊತೆ ಹದಿನೈದು ವರ್ಷದ ಲೆಕ್ಕ ಹೊಸದಾಗಿ ಶುರುವಾಗತ್ತೆ. ನೀವು ಕೇಳಬಾರದು. ಅವನೇ ಬಂದು 'ತಗೊಳ್ಳಿ' ಅಂದ್ರೂ ಅಷ್ಟೇ, ಕೆಟ್ಟಿತು. ನಾನು ಇದನ್ನ ಹೇಳಬಾರದು." ರಬ್ಬರಿನ ಬೂಟು ಎಳೆದುಕೊಂಡು ಇಳಿದುಹೋದ.

ಆ ಬೇಸಿಗೆಗೆ ಗುಜರಿಯವರು ಬಂದು ಹಳಿ ಕಿತ್ತರು. ಹಳಿಯಡಿಯ ಅಡ್ಡಮರಗಳನ್ನು ಕಣಿವೆಯವರು ಬೇಲಿಗೆಂದು ಒಯ್ದರು. ಟ್ಯಾಂಕಿನ ಕಬ್ಬಿಣದ ಪಟ್ಟಿಗಳನ್ನು ಕಳಚಿದಾಗ ಹಲಗೆಗಳು ಒಂದೊಂದೇ ಹೊರಗೆ ಬಾಗಿ ಬಿದ್ದವು, ನೀರೆಲ್ಲ ಒಮ್ಮೆಗೇ ಇಳಿಜಾರಿನಲ್ಲಿ ಹರಿದುಹೋಯಿತು. ಕೊಟ್ಟಿಗೆಯ ತೊಟ್ಟಿ ಒಣಗಿತು. ಮಾರನೆಯ ದಿನ ಹೋಲಿಸನೂ ಗಬೂರಿಯೂ ಹಾಡುಹಗಲೇ ಒರತೆಯ ಕಲ್ಲುಗುಂಡಿಗೇ ಕೊಳವೆಯ ತುದಿ ಜೋಡಿಸಿದರು.

"ಯಾರಿಗಾದ್ರೂ ಒಂದು ಮಾತು ಹೇಳ್ಬೇಕಿತ್ತೇನೋ," ಅಂದ ಹೋಲಿಸ್.

"ಬಾಯಿ ಮುಚ್ಚು ಪುಣ್ಯಾತ್ಮ," ಅಂದ ಗಬೂರಿ. "ಹೇಳಿ ಹೇಳೀನೇ ಈ ಗತಿ ಬಂದಿದ್ದು."

ಸ್ಟೇಷನ್ನು, ಟ್ಯಾಂಕಿನ ಜಾಗ, ಒರತೆ ಮೂರನ್ನೂ ಒಟ್ಟಿಗೆ ಮಾರಿದ್ದರು. ಪೀಸ್ಲಿಯ ಕೈಗೆಟುಕುವ ಬೆಲೆಯಾಗಿರಲಿಲ್ಲ. ಕೊಂಡವನು ಹಾರ್ಟ್‌ಫರ್ಡಿನ ಲೆಡ್ಯರ್ಡ್ ಎಂಬ ನಿವೃತ್ತ ಮೇಷ್ಟ್ರು. ಸ್ಟೇಷನ್ನಿನಲ್ಲಿ ಬೇಸಿಗೆ ಕಳೆಯಲು ಬಂದ. ಟಿಕೆಟು ಕೊಡುವ ಕಿಟಕಿಯಲ್ಲಿ ಹೂಕುಂಡ ಇಟ್ಟ. ಒರತೆಯಲ್ಲಿ ಕೊಳವೆಯ ತುದಿಯನ್ನು ಕಂಡ, ಅದು ಎಲ್ಲಿಗೆ ಹೋಗುತ್ತದೆಂದು ಅಂಗಡಿಯಲ್ಲಿ ವಿಚಾರಿಸಿದ. ಒಣಹುಲ್ಲು ಕೊಯ್ಯುವ ದಿನಗಳಲ್ಲಿ ಒಂದು ಸಂಜೆ ನಗುತ್ತ ಪೀಸ್ಲಿಯ ಅಂಗಳಕ್ಕೆ ಬಂದ.

"ನಾನು ನಿಮ್ಮ ನೆರೆಯವನು," ಅಂದ. "ಆ ಒರತೆ ನೀರಿನ ವಿಷಯ ಒಂದು ಮಾತು..."

"ಹುಲ್ಲು ಹೊರಗಿದೆ, ಮಳೆ ಬರ್ತಿದೆ," ಅಂದಳು ವರ್ನಾ, ಬಾಗಿಲು ಹಾಕಿಕೊಂಡಳು. ಆಕಾಶ ಶುಭ್ರವಾಗಿತ್ತು. ಅವನು ಒಮ್ಮೆ ಮೇಲೆ ನೋಡಿ ಹೊರಟುಹೋದ.

ಆ ರಾತ್ರಿ ಊಟಕ್ಕೆ ಕೂತಾಗ ಹೋಲಿಸ್ ಅಂದ: "ಒಳ್ಳೆ ಮನುಷ್ಯನ ಹಾಗೆ ಕಾಣ್ತಾನೆ. ನೀರಿನ ಹಕ್ಕಿಗೆ ಪತ್ರ ಮಾಡ್ಕೊಡಿ ಅಂತ ನೇರವಾಗಿ ಕೇಳಿದ್ರೆ?"

"ಕೇಳಿ, ಆಗಲ್ಲ ಅಂದ್ರೆ? ಕೇಳಿದ್ದು ಕೇಳಿದ ಹಾಗೇ ಉಳೀತು." ವರ್ನಾ ಬೀನ್ಸ್ ಬಡಿಸಿದಳು. "ನಿಮ್ಮ ತಾತನ ಜೊತೆ ಇಲ್ಲಿ ಕೂತು ಉಂಡೋರೂ ಒಳ್ಳೇವ್ರೇ ಇದ್ರು. ಅವರ ನಂತರ ಯಾರು ಬರ್ತಾರೆ ಅಂತ ಅವರಿಗೂ ಗೊತ್ತಿರ್ಲಿಲ್ಲ."

ಹೋಲಿಸ್ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅವನಿಗೆ ಎಪ್ಪತ್ತು ದಾಟಿರುತ್ತಿತ್ತು.

ಅಲ್ಲಿಂದಾಚೆ ಲೆಡ್ಯರ್ಡ್ ಅಂಗಡಿಗೆ ಬಂದರೆ ಹೋಲಿಸ್ ಹಿಂದಿನ ಬಾಗಿಲಿನಿಂದ ಹೊರಬೀಳುತ್ತಿದ್ದ. ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಮುಗಿಯುವ ಮೊದಲೇ ಗಂಡಹೆಂಡತಿ ಎದ್ದು ಬರುತ್ತಿದ್ದರು. ರಸ್ತೆಯಲ್ಲಿ ಅವನು ಕೈಯೆತ್ತಿದರೆ ಹೋಲಿಸ್ ಕುದುರೆಯ ಕಿವಿಗಳನ್ನು ನೋಡುತ್ತ ಮುಂದೆ ಹೋಗುತ್ತಿದ್ದ. ತನ್ನ ಜೀವಮಾನದಲ್ಲಿ ಅವನು ನೆರೆಯವರಿಗೆ ಹಾಗೆ ಮಾಡಿರಲಿಲ್ಲ. ಮೊದಮೊದಲು ಒಂದಷ್ಟು ದೂರ ಹೋದ ಮೇಲೆ ತಿರುಗಿ ನೋಡುತ್ತಿದ್ದ. ಆಮೇಲೆ ಅದೂ ನಿಂತಿತು. ಪೀಸ್ಲಿಗಳಿಗೆ ಸೊಕ್ಕು ಬಂದಿದೆ ಎಂದು ಊರಿನಲ್ಲಿ ಹೇಳಿಕೊಂಡರು. ಗಬೂರಿಗೆ ಮಾತ್ರ ಕಾರಣ ಗೊತ್ತಿತ್ತು. ಅವನು ಮಗಳ ಊರಿಗೆ ಹೋಗಿಬಿಟ್ಟಿದ್ದ.

ಎಲೆ ಉದುರಿದ ಮೇಲೆ ಲೆಡ್ಯರ್ಡ್ ಹಾರ್ಟ್‌ಫರ್ಡಿಗೆ ಹೊರಟ. ಹೊರಡುವ ಮುನ್ನಾದಿನ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಗೆ ಬಂದು ಬಾಗಿಲು ತಟ್ಟಿದ. ಹೋಲಿಸ್ ಒಳಗೆ ಸ್ಟೂಲಿನ ಮೇಲೆ ಕೂತಿದ್ದ, ಹಣೆ ಹಸುವಿನ ಪಕ್ಕೆಗೆ ಆನಿಸಿತ್ತು. ಅವನು ಏಳಲಿಲ್ಲ. ಕೈ ನಿಲ್ಲಿಸಲಿಲ್ಲ.

"ಮಿಸ್ಟರ್ ಪೀಸ್ಲಿ," ಹೊರಗಿನಿಂದ ಧ್ವನಿ ಬಂತು. "ನೀವು ಒಳಗಿದೀರಿ ಅಂತ ಗೊತ್ತು. ನಾಳೆ ಊರಿಗೆ ಹೋಗ್ತಿದೀನಿ. ನನ್ನಿಂದ ನಿಮಗೇನಾದ್ರೂ ತಪ್ಪಾಯ್ತಾ? ಹೇಳಿದ್ರೆ ಸರಿಮಾಡ್ಕೋತೀನಿ."

ಬಕೆಟಿಗೆ ಹಾಲು ಬೀಳುತ್ತಿತ್ತು.

"ಸರಿ ಹಾಗಾದ್ರೆ," ಅಂದ ಹೊರಗಿನವನು. ಕೊಂಚ ಹೊತ್ತು ನಿಂತಿದ್ದು, ಹಳಿಯಿದ್ದ ಜಾಗ ದಾಟಿ ಹೋದ.

ಹೋಲಿಸ್ ಹಾಲಿನ ಬಕೆಟನ್ನು ಬದಿಗಿಟ್ಟು ಮುಂದಿನ ಹಸುವಿಗೆ ಸ್ಟೂಲು ಸರಿಸಿಕೊಂಡ. ತೊಟ್ಟಿಯ ಬಳಿ ನಿಂತಿದ್ದ ಹಸುಗಳು ಕತ್ತು ಬಗ್ಗಿಸಿ ಕುಡಿಯುತ್ತಿದ್ದವು. ಹದಿನೈದರಲ್ಲಿ ಮೊದಲನೆಯ ವರ್ಷ ಮುಗಿಯಲು ಇನ್ನೂ ಒಂದು ಬೇಸಿಗೆ ಬರಬೇಕಿತ್ತು.