ಹನ್ನೆರಡು ದಾಟಿ ನಾಲ್ಕು ನಿಮಿಷ

ಮೋಸ ಇಲ್ಲೇ ಎಲ್ಲೋ ಇರಬೇಕು. ಮಧುರಾ ಕಡತವನ್ನು ಮೂರನೆಯ ಸಲ ಮೊದಲಿನಿಂದ ಮಗುಚತೊಡಗಿದಳು.

ಫೋರ್ಟ್ ಮಿಲ್‌ನ ಅವರ ಬಡಾವಣೆಯ ಕಾಲುವೆಯಲ್ಲಿ ದೋಣಿ ಕಟ್ಟುವ ಜಾಗ ಒಂದೇ ಒಂದು ಖಾಲಿಯಾಗಿತ್ತು. ಮುಚ್ಚಿದ ಲಕೋಟೆಯ ಟೆಂಡರು. ಹೆಚ್ಚು ಬರೆದವರಿಗೆ ಜಾಗ. ಸಿಕ್ಕಿದ್ದು ಎದುರು ಮನೆಯ ಶೀತಲ್‌ಗೆ. ಶೀತಲ್‌ಗೆ ಎಲ್ಲವೂ ಸಿಗುತ್ತದೆ: ಗ್ರೀನ್ ಕಾರ್ಡು, ಒಳ್ಳೆಯ ನಿದ್ದೆ, ನಕ್ಕರೆ ಕೆನ್ನೆಯಲ್ಲಿ ಗುಳಿ. ಪಾರದರ್ಶಕತೆ ಬೇಕೆಂದು ಮಧುರಾ ಬಡಾವಣೆಯ ಸಂಘಕ್ಕೆ ನಾಲ್ಕು ಪುಟ ಬರೆದಿದ್ದಳು. ಸಂಘ ಮರುದಿನವೇ ಎಲ್ಲವನ್ನೂ ಮುಂದಿಟ್ಟುಬಿಟ್ಟಿತು. ಸಹಿಸಲಾಗದ್ದು ಅದೇ.

ಲಕೋಟೆಗಳು ಆರು. ಪ್ರತಿಯೊಂದರ ಮೇಲೂ ಗಂಟೆ, ನಿಮಿಷದ ಮುದ್ರೆ, ಸಾಕ್ಷಿಗಳ ಸಹಿ. ಶೀತಲ್‌ಳದು ಜೂನಿನ ಆ ಶುಕ್ರವಾರ ಹನ್ನೊಂದು ಹತ್ತಕ್ಕೆ. ಕೊನೆಯದನ್ನು ತೆರೆದೇ ಇರಲಿಲ್ಲ. ಮೇಲೆ ತನ್ನದೇ ಕೈಬರಹ. ಹನ್ನೆರಡು ದಾಟಿ ನಾಲ್ಕು ನಿಮಿಷ. ಗಡುವು ಹನ್ನೆರಡಕ್ಕೆ. ನಾಲ್ಕು ನಿಮಿಷ ಯಾರು ನೋಡುತ್ತಾರೆ ಅಂದುಕೊಂಡಿದ್ದಳು. ನೋಡಿದ್ದರು.

ಒಳಗಿನ ಅಂಕಿ ಶೀತಲ್ ಬರೆದದ್ದಕ್ಕಿಂತ ದೊಡ್ಡದು. ಅದು ಅವಳೊಬ್ಬಳಿಗೇ ಗೊತ್ತು.

"ನಿಮ್ಮ ಕಾರು ಹನ್ನೊಂದೂವರೆಯಿಂದ ಹೊರಗೇ ಇತ್ತಲ್ಲ," ಎಂದಳು ಸಂಘದ ಕಚೇರಿಯ ಮುದುಕಿ, ಇಂಗ್ಲಿಷಿನಲ್ಲಿ.

"ಫೋನಲ್ಲಿದ್ದೆ."

ಬ್ಯಾಂಕಿನಲ್ಲಿ ಅಪಾಯ ಅಳೆಯುವ ಕೆಲಸದವಳು, ರಾಹುಕಾಲ ಕಳೆಯಲೆಂದು ಕಾರಿನಲ್ಲಿ ಕೂತಿದ್ದೆ ಎಂದು ಯಾವ ಬಾಯಿಂದ ಹೇಳುವುದು?

ಗಂಡನಿಗೆ ಮಾತ್ರ ಫೋನಿನಲ್ಲಿ ಹೇಳಿದಳು. ಚಿರಂತನ್ ನಕ್ಕ.

"ಫ್ರಿಜ್ ಮೇಲಿರೋದು ಮೈಸೂರು ಕ್ಯಾಲೆಂಡರ್ ಕಣೇ! ಇಲ್ಲಿ ಸೂರ್ಯನ ಟೈಮೇ ಬೇರೆ. ತಡಿ, ಚೆಕ್ ಮಾಡ್ತೀನಿ... ಅಯ್ಯೋ, ನೀನು ಹಾಕಿದ್ದೇ ಸರಿಯಾಗಿ ರಾಹುಕಾಲದಲ್ಲಿ."

"ಶೀತಲ್ ಹಾಕಿದಾಗ?"

"ಆಗಿನ್ನೂ ಶುರುವೇ ಆಗಿರ್ಲಿಲ್ಲ. ಯಾಕೆ?"

"ಸುಮ್ನೆ."

ಸಂಜೆ ಕಾಲುವೆಯ ದಂಡೆಯಲ್ಲಿ ಶೀತಲ್‌ಳ ಹೊಸ ದೋಣಿಗೆ ಪೂಜೆ. ಉಳಿದವರು ಇನ್ನೂ ಬಂದಿರಲಿಲ್ಲ.

"ಬಾರೇ ಮಧು! ಫೈಲ್ ನೋಡೋಕೆ ಹೋಗಿದ್ಯಂತೆ? ಏನ್ ಸಿಕ್ತು, ಸಿಬಿಐ?"

"ಎಲ್ಲಾ ಫೇರ್ ಆಗೇ ಇದೆ."

"ನೀನೂ ಅಪ್ಲೈ ಮಾಡಿದ್ಯಾ?"

"ಇಲ್ಲಪ್ಪ. ನಮಗೆಲ್ಲಿಯ ದೋಣಿ?"

ಅದಂತೂ ನಿಜ. ದೋಣಿ ಬೇಕೆಂದು ಅವಳಿಗೆ ಒಂದು ದಿನವೂ ಅನಿಸಿರಲಿಲ್ಲ.

ಚಕ್ರವಿಲ್ಲದ ಗಾಡಿಗೆ ನಿಂಬೆಹಣ್ಣು ಎಲ್ಲಿಡುವುದು? ಶೀತಲ್ ದೋಣಿಗೂ ಕಂಬಕ್ಕೂ ನಡುವೆ ಸಿಕ್ಕಿಸಿದಳು. ಅದು ಜಾರಿ ನೀರಿಗೆ ಬಿತ್ತು.

"ಹೋಯ್ತು! ದೃಷ್ಟಿ ತಾಗ್ಬಾರ್ದು ಅಂತ ಇಟ್ರೆ... ಇರು, ಇನ್ನೊಂದು ತರ್ತೀನಿ," ಎಂದು ಮನೆಯ ಕಡೆ ಓಡಿದಳು.

ಮಧುರಾ ಸುತ್ತ ನೋಡಿದಳು. ಚಪ್ಪಲಿ ಬಿಟ್ಟು ಕೊನೆಯ ಮೆಟ್ಟಿಲಿಗಿಳಿದು, ಹಣ್ಣನ್ನು ಅಂಗಾಲಿನಿಂದ ಒತ್ತಿದಳು. ಮುಳುಗಿತು. ಒಂದಿಷ್ಟೂ ಜಜ್ಜಿಹೋಗದೆ, ಇನ್ನಷ್ಟು ಹಳದಿಯಾಗಿ, ಅವಳ ಕಾಲ್ಬೆರಳ ಪಕ್ಕದಲ್ಲೇ ಮೇಲೆದ್ದಿತು. ಮತ್ತೆ ಒತ್ತಿದಳು.